ಮಬ್ಬು ಬೆಳಕಿನಲ್ಲಿ ಮಿರರ್‌ಲೆಸ್ ಕ್ಯಾಮರಾದ ಆಟೋಫೋಕಸ್: ಮೈನಸ್ ಅಂಕಿಗಳ ಒಳಗುಟ್ಟು

ಹೊಸ ಮಿರರ್‌ಲೆಸ್ ಕ್ಯಾಮರಾ ಮಾರುಕಟ್ಟೆಗೆ ಬಂದಾಗಲೆಲ್ಲ ಅದರ ಗುಣವಿಶೇಷಗಳ ಪಟ್ಟಿಯಲ್ಲಿ ಒಂದು ಋಣಾತ್ಮಕ ಅಂಕಿ ತಪ್ಪದೆ ಕಾಣಿಸಿಕೊಳ್ಳುತ್ತದೆ. ಮೈನಸ್ 4 ಇವಿ, ಮೈನಸ್ 6 ಇವಿ, ಇತ್ತೀಚೆಗೆ ಮೈನಸ್ 10 ಇವಿ. ಅಷ್ಟು ಕಡಿಮೆ ಬೆಳಕಿನಲ್ಲಿಯೂ ಕ್ಯಾಮರಾ ತಾನಾಗಿಯೇ ಫೋಕಸ್ ಮಾಡಬಲ್ಲದು ಎಂಬುದು ಅದರ ತಾತ್ಪರ್ಯ. ಅಂಕಿ ಕೆಳಗಿಳಿದಷ್ಟೂ ಕ್ಯಾಮರಾ ಉತ್ತಮ ಎಂದು ಗ್ರಾಹಕರು ಭಾವಿಸುವುದು ಸಹಜ. ಆದರೆ ಈ ಅಂಕಿಯನ್ನೇ ನಂಬಿ ಲಕ್ಷಾಂತರ ರೂಪಾಯಿ ವ್ಯಯಿಸಿದವರು, ಬೆಳಗಿನ ಜಾವದ ಮುಹೂರ್ತದಲ್ಲೋ ಸಂಜೆ ಕಾಡಿನ ಅಂಚಿನಲ್ಲೋ ಮಸೂರವು ಹಿಂದೆ ಮುಂದೆ ತಡಕಾಡುವುದನ್ನು ಕಂಡು ನಿರಾಶರಾಗುವುದುಂಟು.

ಈ ವಿಷಯಕ್ಕೆ ಮಹತ್ವ ಬರಲು ಒಂದು ಕಾರಣವಿದೆ. ಚಿತ್ರವು ಕಪ್ಪಾಗಿದ್ದರೆ ಗಣಕಯಂತ್ರದಲ್ಲಿ ಬೆಳಗಿಸಬಹುದು. ಕಣಕಣವಾಗಿ ಒಡೆದಂತೆ ಕಂಡರೆ ಇಂದಿನ ತಂತ್ರಾಂಶಗಳು ಅದನ್ನೂ ಬಹುಮಟ್ಟಿಗೆ ಶುದ್ಧೀಕರಿಸುತ್ತವೆ. ಬಣ್ಣ ಕೆಟ್ಟಿದ್ದರೆ ತಿದ್ದಬಹುದು. ಫೋಕಸ್ ತಪ್ಪಿದ ಚಿತ್ರವನ್ನು ಮಾತ್ರ ಮೂಲದಂತೆ ಸರಿಪಡಿಸುವ ಉಪಾಯ ಇನ್ನೂ ಇಲ್ಲ. ಧಾರೆ ಎರೆಯುವ ಕ್ಷಣವನ್ನು ಛಾಯಾಗ್ರಾಹಕನಿಗಾಗಿ ಎರಡನೆಯ ಬಾರಿ ನಡೆಸುವುದಿಲ್ಲ.

ಇವಿ ಎಂದರೇನು?

ಇವಿ ಎಂಬುದು ಬೆಳಕಿನ ಪ್ರಮಾಣವನ್ನು ಛಾಯಾಗ್ರಹಣದ ಭಾಷೆಯಲ್ಲಿ ಹೇಳುವ ಮಾಪನ. ಐಎಸ್ಓ 100ರ ಸಂವೇದನೆಯಲ್ಲಿ, ಎಫ್ 1 ದ್ಯುತಿರಂಧ್ರದಲ್ಲಿ, ಒಂದು ಸೆಕೆಂಡ್ ಕಾಲ ತೆರೆದಿಟ್ಟಾಗ ಸರಿಯಾದ ಚಿತ್ರ ಮೂಡುವಷ್ಟು ಬೆಳಕಿಗೆ ಸೊನ್ನೆ ಇವಿ ಎನ್ನುತ್ತಾರೆ. ಸಾಧಾರಣ ಬಣ್ಣದ ವಸ್ತುವಿನ ಮೇಲೆ ಸುಮಾರು 2.5 ಲಕ್ಸ್ ಬೆಳಕು ಬಿದ್ದಾಗ ಈ ಸ್ಥಿತಿ ಉಂಟಾಗುತ್ತದೆ. ಒಂದು ಅಂಕಿ ಮೇಲೇರಿದರೆ ಬೆಳಕು ಇಮ್ಮಡಿ, ಒಂದು ಅಂಕಿ ಇಳಿದರೆ ಅರ್ಧ. ನಡುಹಗಲಿನ ಬಿಸಿಲು 15 ಇವಿಯ ಆಸುಪಾಸಿನಲ್ಲಿರುತ್ತದೆ. ಟ್ಯೂಬ್‌ಲೈಟ್ ಉರಿಯುವ ಮನೆಯ ಕೋಣೆಯದು 5 ಅಥವಾ 6. ಒಂದೇ ಒಂದು ಮೇಣದಬತ್ತಿಯಿಂದ ಒಂದು ಮೀಟರ್ ದೂರದಲ್ಲಿ ಕುಳಿತವರ ಮುಖದ ಮೇಲೆ ಬೀಳುವುದು ಹೆಚ್ಚುಕಡಿಮೆ ಒಂದು ಲಕ್ಸ್, ಅಂದರೆ ಮೈನಸ್ 1.3 ಇವಿ. ಹುಣ್ಣಿಮೆಯ ಬೆಳದಿಂಗಳು ಮೈನಸ್ 3ರಿಂದ ಮೈನಸ್ 4.5ರವರೆಗೆ. ಮೈನಸ್ 6 ಎಂದರೆ ಒಂದು ಲಕ್ಸ್‌ನ ಇಪ್ಪತ್ತೈದನೆಯ ಒಂದು ಪಾಲು. ಬರಿಗಣ್ಣಿಗೆ ಆಕೃತಿಗಳಷ್ಟೇ ಕಾಣುವ, ಬಣ್ಣಗಳು ಗುರುತೇ ಸಿಗದ ಕತ್ತಲೆ ಅದು.

ಈ ಲೆಕ್ಕದಲ್ಲಿ ಒಂದು ಸೂಕ್ಷ್ಮವಿದೆ. ಕ್ಯಾಮರಾಕ್ಕೆ ಬೇಕಾದದ್ದು ವಸ್ತುವಿನ ಮೇಲೆ ಬಿದ್ದ ಬೆಳಕಲ್ಲ, ಅಲ್ಲಿಂದ ಮರಳಿ ಬಂದ ಬೆಳಕು. ಮೇಲಿನ ಅಂಕಿಗಳೆಲ್ಲ ಬಿದ್ದ ಬೆಳಕಿನಲ್ಲಿ ಶೇಕಡಾ 18ರಷ್ಟನ್ನು ಹಿಂದಿರುಗಿಸುವ ಸಾಧಾರಣ ವಸ್ತುವಿಗೆ ಅನ್ವಯಿಸುತ್ತವೆ. ಕಪ್ಪು ಬಟ್ಟೆ ಶೇಕಡಾ 4 ಅಥವಾ 5ರಷ್ಟನ್ನು ಮಾತ್ರ ಹಿಂದಿರುಗಿಸಿದರೆ ಅದೇ ಕೋಣೆಯ ಅದೇ ದೀಪದಡಿ ಕ್ಯಾಮರಾದ ಪಾಲಿಗೆ ಎರಡು ಇವಿ ಕಡಿಮೆಯಾದಂತಾಯಿತು. ದರೋಜಿಯಲ್ಲಿ ಇಳಿಸಂಜೆ ಬಂಡೆಗಳ ನಡುವಿನಿಂದ ಹೊರಬರುವ ಕರಡಿಯ ಚಿತ್ರ ತೆಗೆಯುವವರಿಗೆ ಇದು ಅನುಭವವೇದ್ಯ. ಬಂಡೆಯ ಮೇಲೆ ಚಕ್ಕನೆ ಸಿಗುವ ಫೋಕಸ್ ಕರಡಿಯ ಮೈಮೇಲೆ ಸಿಗುವುದಿಲ್ಲ. ಕಪ್ಪು ಕೂದಲಿನ ರಾಶಿಯಲ್ಲಿ ಬೆಳಕೂ ಇಲ್ಲ, ಬೆಳಕು ನೆರಳುಗಳ ವ್ಯತ್ಯಾಸವೂ ಇಲ್ಲ. ಅನುಭವಿಗಳು ಅದರ ಮಾಸಲು ಬಿಳಿಯ ಮೂತಿಗೋ ಎದೆಯ ಬಿಳಿಗೆರೆಗೋ ಗುರಿಯಿಡುವುದು ಇದಕ್ಕಾಗಿಯೇ.

ಕನ್ನಡಿ ಇದ್ದ ಕಾಲ

ಆಟೋಫೋಕಸ್ ಮಿರರ್‌ಲೆಸ್ ಕ್ಯಾಮರಾಗಳಿಗಿಂತ ಬಹಳ ಹಳೆಯದು. 1977ರಲ್ಲಿ ಬಂದ ಕೋನಿಕಾ ಸಿ35 ಎಎಫ್, ಸಾಮೂಹಿಕವಾಗಿ ತಯಾರಾದ ಮೊದಲ ಆಟೋಫೋಕಸ್ ಕ್ಯಾಮರಾ. ಮರುವರ್ಷ ಪೋಲರಾಯ್ಡ್ ಸಂಸ್ಥೆಯು ಬಾವಲಿಯ ಉಪಾಯವನ್ನು ಅನುಸರಿಸಿ, ಶ್ರವಣಾತೀತ ಶಬ್ದವನ್ನು ಕಳುಹಿಸಿ ಅದರ ಪ್ರತಿಧ್ವನಿಯಿಂದ ದೂರವನ್ನು ಅಳೆಯುವ ಕ್ಯಾಮರಾವನ್ನು ಹೊರತಂದಿತು. ಬೆಳಕಿನ ಹಂಗೇ ಇಲ್ಲದ ಆ ಕ್ಯಾಮರಾ ಗಾಢಾಂಧಕಾರದಲ್ಲಿಯೂ ಫೋಕಸ್ ಮಾಡುತ್ತಿತ್ತು. ಆದರೆ ಕಿಟಕಿಯ ಗಾಜು ಅಡ್ಡ ಬಂದರೆ ಹೊರಗಿನ ದೃಶ್ಯವನ್ನು ಬಿಟ್ಟು ಗಾಜಿಗೇ ಫೋಕಸ್ ಮಾಡುತ್ತಿತ್ತು. 1985ರ ಮಿನೋಲ್ಟಾ 7000 ಬಂದ ಮೇಲೆ ಎಸ್ಎಲ್ಆರ್ ಕ್ಯಾಮರಾಗಳಲ್ಲಿ ಆಟೋಫೋಕಸ್ ನೆಲೆಯೂರಿತು. ಅದರಲ್ಲಿ ಬಳಸಿದ ತಂತ್ರದ ಹಕ್ಕುಸ್ವಾಮ್ಯಕ್ಕಾಗಿ ಅಮೆರಿಕದ ಹನಿವೆಲ್ ಸಂಸ್ಥೆಯು ಹೂಡಿದ ಮೊಕದ್ದಮೆ 1992ರಲ್ಲಿ ಮುಗಿದಾಗ ಮಿನೋಲ್ಟಾ ತೆತ್ತ ಹಣ 12 ಕೋಟಿ ಡಾಲರ್‌ಗೂ ಅಧಿಕ.

ಎಸ್ಎಲ್ಆರ್ ಹಾಗೂ ಡಿಎಸ್ಎಲ್ಆರ್ ಕ್ಯಾಮರಾಗಳಲ್ಲಿ ಮುಖ್ಯ ಕನ್ನಡಿಯ ಒಂದು ಭಾಗ ಅರೆಪಾರದರ್ಶಕ. ಅದನ್ನು ದಾಟಿ ಬಂದ ಬೆಳಕು ಹಿಂದಿನ ಪುಟ್ಟ ಕನ್ನಡಿಗೆ ಬಡಿದು ಕ್ಯಾಮರಾದ ತಳಭಾಗದಲ್ಲಿರುವ ಪ್ರತ್ಯೇಕ ಫೋಕಸ್ ಘಟಕವನ್ನು ಸೇರುತ್ತದೆ. ಮಸೂರದ ಎಡ ಅಂಚಿನಿಂದ ಬಂದ ಕಿರಣಗಳನ್ನೂ ಬಲ ಅಂಚಿನಿಂದ ಬಂದ ಕಿರಣಗಳನ್ನೂ ಬೇರ್ಪಡಿಸಿ, ಎರಡು ಬಿಂಬಗಳ ನಡುವಿನ ಅಂತರವನ್ನು ಅಳೆಯುವುದು ಆ ಘಟಕದ ಕೆಲಸ. ಅಂತರ ಎಷ್ಟಿದೆ, ಯಾವ ಕಡೆಗಿದೆ ಎಂದು ತಿಳಿದರೆ ಮಸೂರವನ್ನು ಎತ್ತ ಕಡೆಗೆ ಎಷ್ಟು ತಿರುಗಿಸಬೇಕೆಂಬುದು ಒಂದೇ ಅಳತೆಯಲ್ಲಿ ಗೊತ್ತಾಗುತ್ತದೆ. ಮನುಷ್ಯನ ಎರಡು ಕಣ್ಣುಗಳು ದೂರವನ್ನು ಅಂದಾಜಿಸುವ ರೀತಿಗೆ ಇದು ಹತ್ತಿರದ್ದು. ಫೇಸ್ ಡಿಟೆಕ್ಷನ್ ಎಂಬ ಹೆಸರು ಈ ಕ್ರಮಕ್ಕೆ ಸಂದಿದೆ.

ಆ ಘಟಕಕ್ಕೆ ಒಂದು ಅನುಕೂಲವಿತ್ತು: ಚಿತ್ರ ತೆಗೆಯುವ ಹೊಣೆ ಅದಕ್ಕಿರಲಿಲ್ಲ. ಆದ್ದರಿಂದ ಅದರ ಸಂವೇದಕದ ಕೋಶಗಳನ್ನು ಬೇಕಾದಷ್ಟು ದೊಡ್ಡದಾಗಿ, ಕತ್ತಲೆಗೆ ಒಗ್ಗುವಂತೆ ರೂಪಿಸಬಹುದಾಗಿತ್ತು. 2012ರ ಕ್ಯಾನನ್ 6ಡಿ ಕ್ಯಾಮರಾದ ನಡುಬಿಂದು ಮೈನಸ್ 3 ಇವಿಯವರೆಗೆ, 2016ರ ನಿಕಾನ್ ಡಿ5ರ ನಡುಬಿಂದು ಮೈನಸ್ 4ರವರೆಗೆ ಕಾರ್ಯನಿರ್ವಹಿಸುತ್ತಿದ್ದವು. ಅನಾನುಕೂಲವೂ ಇತ್ತು. ಫೋಕಸ್ ಘಟಕ ಒಂದೆಡೆ, ಚಿತ್ರ ಮೂಡುವ ಸಂವೇದಕ ಇನ್ನೊಂದೆಡೆ. ಎರಡರ ದೂರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕ್ಯಾಮರಾ ಫೋಕಸ್ ಆಯಿತೆಂದು ಸದ್ದು ಮಾಡುತ್ತಿತ್ತು, ಚಿತ್ರದಲ್ಲಿ ಮಾತ್ರ ಕಣ್ಣಿನ ಬದಲು ಕಿವಿ ಸ್ಪಷ್ಟವಾಗಿರುತ್ತಿತ್ತು.

ಮಿರರ್‌ಲೆಸ್‌ನ ತಡವರಿಕೆಯ ದಿನಗಳು

2008ರಲ್ಲಿ ಪ್ಯಾನಾಸೋನಿಕ್ ಜಿ1 ಕ್ಯಾಮರಾ ಬಂದಾಗ ಕನ್ನಡಿಯೊಂದಿಗೆ ಆ ಪ್ರತ್ಯೇಕ ಘಟಕವೂ ಕಣ್ಮರೆಯಾಯಿತು. ಚಿತ್ರ ಮೂಡುವ ಸಂವೇದಕವೇ ಫೋಕಸ್ ಹೊಣೆಯನ್ನೂ ಹೊರಬೇಕಾಯಿತು. ಆಗ ಉಳಿದಿದ್ದ ಮಾರ್ಗವೆಂದರೆ ಕಾಂಟ್ರಾಸ್ಟ್ ಡಿಟೆಕ್ಷನ್. ಮಸೂರವನ್ನು ತುಸು ಚಲಿಸಿ ಬಿಂಬದ ಅಂಚುಗಳು ಎಷ್ಟು ಚೂಪಾಗಿವೆ ಎಂದು ನೋಡುವುದು, ಮತ್ತೆ ಚಲಿಸಿ ನೋಡುವುದು, ಶಿಖರವನ್ನು ದಾಟಿದ ಮೇಲೆ ಹಿಂದಿರುಗುವುದು. ಫೋಕಸ್ ಯಾವ ದಿಕ್ಕಿನಲ್ಲಿದೆಯೆಂದು ಇದಕ್ಕೆ ಮೊದಲೇ ತಿಳಿಯದು. ಹಗಲಿನಲ್ಲಿ ಇದು ನಿಖರ, ಡಿಎಸ್ಎಲ್ಆರ್‌ಗಿಂತಲೂ ನಿಖರ. ಕತ್ತಲಲ್ಲಿ ಮಾತ್ರ ದೀಪವಿಲ್ಲದೆ ಬೆಟ್ಟ ಹತ್ತಿದಂತೆ.

ಏಕೆ ಹೀಗೆ ಎಂಬುದು ಬೆಳಕಿನ ಸ್ವಭಾವದಲ್ಲಿಯೇ ಅಡಗಿದೆ. ಬೆಳಕು ಕಣಗಳಾಗಿ ಬಂದು ಬೀಳುತ್ತದೆ, ಆ ಬೀಳುವಿಕೆಯಲ್ಲಿ ಏರುಪೇರು ತಪ್ಪದು. ಆ ಏರುಪೇರು ಕಣಗಳ ಸಂಖ್ಯೆಯ ವರ್ಗಮೂಲದಷ್ಟಿರುತ್ತದೆ. ಒಂದು ಕೋಶದಲ್ಲಿ 10,000 ಕಣಗಳು ಸಂಗ್ರಹವಾದರೆ ಏರುಪೇರು 100, ಅಂದರೆ ಶೇಕಡಾ 1. ಬೆಳಕು ಏಳು ಇವಿ ಇಳಿದರೆ, ಅಂದರೆ ಟ್ಯೂಬ್‌ಲೈಟಿನ ಕೋಣೆಯಿಂದ ಮೇಣದಬತ್ತಿಯ ಮುಂದೆ ಬಂದು ಕುಳಿತರೆ, ಅದೇ ಅವಧಿಯಲ್ಲಿ ಆ ಕೋಶಕ್ಕೆ ಸಿಗುವುದು 80ಕ್ಕೂ ಕಡಿಮೆ ಕಣಗಳು; ಏರುಪೇರು ಶೇಕಡಾ 11. ಕೆನ್ನೆಗೂ ಮೂಗಿನ ಅಂಚಿಗೂ ನಡುವಣ ಬೆಳಕಿನ ವ್ಯತ್ಯಾಸ ಶೇಕಡಾ 5ರಷ್ಟಿದ್ದರೆ ಅದು ಈ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಯಾವುದು ನಿಜವಾದ ಅಂಚು, ಯಾವುದು ಬೆಳಕಿನ ಕಣಗಳ ಆಟ ಎಂದು ಕ್ಯಾಮರಾಕ್ಕೆ ತಿಳಿಯುವುದಿಲ್ಲ. ಮಸೂರ ಒಂದು ತುದಿಯಿಂದ ಇನ್ನೊಂದು ತುದಿಗೆ ಓಡಾಡಿ ಕೊನೆಗೆ ಕೆಂಪು ಚೌಕ ತೋರಿಸಿ ನಿಲ್ಲುತ್ತದೆ.

ಮಾಡಬಹುದಾದದ್ದು ಎರಡೇ: ಹೆಚ್ಚು ಹೊತ್ತು ಬೆಳಕನ್ನು ಸಂಗ್ರಹಿಸುವುದು, ಇಲ್ಲವೇ ಅನೇಕ ಕೋಶಗಳ ಮಾಹಿತಿಯನ್ನು ಒಟ್ಟುಗೂಡಿಸುವುದು. ಹೆಚ್ಚು ಹೊತ್ತು ಕಾದರೆ ಫೋಕಸ್ ನಿಧಾನವಾಗುತ್ತದೆ. ಕೋಶಗಳನ್ನು ಕೂಡಿಸಿದರೆ ಸಣ್ಣ ವಿವರಗಳು ಅಳಿಸಿಹೋಗುತ್ತವೆ. ಸೆಕೆಂಡಿಗೆ 120 ಬಾರಿ ಫೋಕಸ್ ಲೆಕ್ಕ ಹಾಕುತ್ತದೆ ಎಂಬ ಸೋನಿ ಎ1ರಂತಹ ಕ್ಯಾಮರಾಗಳ ಹೆಗ್ಗಳಿಕೆಯನ್ನು ಈ ಬೆಳಕಿನಲ್ಲಿಯೇ ನೋಡಬೇಕು. 120 ಬಾರಿ ಎಂದರೆ ಪ್ರತಿ ಲೆಕ್ಕಕ್ಕೆ ದೊರೆಯುವ ಕಾಲ ಒಂದು ಸೆಕೆಂಡಿನ ಸಾವಿರದ ಎಂಟು ಭಾಗಕ್ಕಿಂತ ಸ್ವಲ್ಪ ಹೆಚ್ಚು. ಕ್ರೀಡಾಂಗಣದ ಬಿಸಿಲಿನಲ್ಲಿ ಅದು ವರದಾನ. ಮಬ್ಬಿನಲ್ಲಿ ಅಷ್ಟು ಕಾಲದಲ್ಲಿ ಸಂಗ್ರಹವಾಗುವ ಬೆಳಕೇ ಸಾಲದು.

ಆ ದಿನಗಳ ಕ್ಯಾನನ್ ಇಒಎಸ್ ಎಂ ಒಂದು ಎಚ್ಚರಿಕೆಯ ಉದಾಹರಣೆಯಾಗಿ ಉಳಿದಿದೆ. 2012ರಲ್ಲಿ ಬಂದ ಆ ಕ್ಯಾಮರಾದ ಚಿತ್ರಗಳ ಗುಣಮಟ್ಟ ಉತ್ತಮವಾಗಿದ್ದರೂ ಫೋಕಸ್ ಎಷ್ಟು ನಿಧಾನವಾಗಿತ್ತೆಂದರೆ, ಸಂಸ್ಥೆಯೇ 2013ರಲ್ಲಿ ತಂತ್ರಾಂಶವನ್ನು ಪರಿಷ್ಕರಿಸಿ ವೇಗ ಹೆಚ್ಚಿಸಬೇಕಾಯಿತು.

ಸಂವೇದಕದೊಳಗೇ ಎರಡು ಕಣ್ಣು

ಪರಿಹಾರ ಬಂದದ್ದು ಫೇಸ್ ಡಿಟೆಕ್ಷನ್ ಕ್ರಮವನ್ನು ಸಂವೇದಕದೊಳಕ್ಕೇ ತಂದಾಗ. ಫ್ಯೂಜಿಫಿಲ್ಮ್ 2010ರಲ್ಲಿ ಒಂದು ಪುಟ್ಟ ಕ್ಯಾಮರಾದಲ್ಲಿ ಇದನ್ನು ಅಳವಡಿಸಿತು. ಮಸೂರ ಬದಲಿಸಬಲ್ಲ ಕ್ಯಾಮರಾಗಳಲ್ಲಿ 2011ರ ನಿಕಾನ್ 1 ಸರಣಿ ಇದನ್ನು ಜನಪ್ರಿಯಗೊಳಿಸಿತು. ಸಂವೇದಕದ ಕೆಲವು ಕೋಶಗಳ ಎಡ ಅರ್ಧವನ್ನೂ ಇನ್ನು ಕೆಲವುಗಳ ಬಲ ಅರ್ಧವನ್ನೂ ಮುಚ್ಚಿಬಿಟ್ಟರೆ, ಒಂದು ಗುಂಪು ಮಸೂರದ ಒಂದು ಬದಿಯನ್ನೂ ಮತ್ತೊಂದು ಗುಂಪು ಇನ್ನೊಂದು ಬದಿಯನ್ನೂ ನೋಡುತ್ತದೆ. ಡಿಎಸ್ಎಲ್ಆರ್ ಘಟಕದ ಎರಡು ಬಿಂಬಗಳ ಉಪಾಯವೇ ಇದು. ದೋಷವೂ ಹೆಸರಿನಲ್ಲಿಯೇ ಇದೆ: ಅರ್ಧ ಮುಚ್ಚಿದ ಕೋಶಕ್ಕೆ ಅರ್ಧವೇ ಬೆಳಕು. ಅಂತಹ ಕೋಶಗಳ ಸಂಖ್ಯೆಯೂ ಕಡಿಮೆ. ಆದ್ದರಿಂದ ನಿಕಾನ್ 1 ಕ್ಯಾಮರಾಗಳು ಬಿಸಿಲಿನಲ್ಲಿ ಬೆರಗು ಹುಟ್ಟಿಸುವ ವೇಗದಲ್ಲಿ ಫೋಕಸ್ ಮಾಡಿ, ಬೆಳಕು ಇಳಿದೊಡನೆ ಹಳೆಯ ಕಾಂಟ್ರಾಸ್ಟ್ ಕ್ರಮಕ್ಕೆ ಜಾರಿಬಿಡುತ್ತಿದ್ದವು.

2013ರ ಕ್ಯಾನನ್ 70ಡಿ ಕ್ಯಾಮರಾದಲ್ಲಿ ಬಂದ ಡ್ಯುಯಲ್ ಪಿಕ್ಸೆಲ್ ವಿಧಾನ ಈ ಕೊರತೆಯನ್ನು ಬೇರೆ ರೀತಿಯಲ್ಲಿ ನೀಗಿತು. ಪ್ರತಿಯೊಂದು ಕೋಶದ ಸೂಕ್ಷ್ಮಮಸೂರದ ಕೆಳಗೆ ಒಂದರ ಬದಲು ಎರಡು ಬೆಳಕುಗ್ರಾಹಿಗಳನ್ನು ಇಟ್ಟು, ಫೋಕಸ್ ಮಾಡುವಾಗ ಅವೆರಡನ್ನೂ ಪ್ರತ್ಯೇಕವಾಗಿ ಓದುವುದು, ಚಿತ್ರ ತೆಗೆಯುವಾಗ ಕೂಡಿಸಿ ಓದುವುದು. ಏನನ್ನೂ ಮುಚ್ಚಿಲ್ಲವಾದ್ದರಿಂದ ಬೆಳಕು ವ್ಯರ್ಥವಾಗುವುದಿಲ್ಲ. ಫೋಕಸ್ ಮಾಡಬಲ್ಲ ಕೋಶಗಳು ಲಕ್ಷಗಟ್ಟಲೆ ಇರುವುದರಿಂದ ಕತ್ತಲಲ್ಲಿ ಅವುಗಳ ಮಾಹಿತಿಯನ್ನು ಒಟ್ಟುಗೂಡಿಸಿ ಗದ್ದಲವನ್ನು ತಗ್ಗಿಸಬಹುದು. 70ಡಿ ಸ್ವತಃ ಡಿಎಸ್ಎಲ್ಆರ್ ಆಗಿದ್ದುದೊಂದು ವಿಪರ್ಯಾಸ. ಕ್ಯಾನನ್ನಿನ ಮಿರರ್‌ಲೆಸ್ ಸಾಲಿಗೆ ಈ ವಿಧಾನ ತಲುಪಿದ್ದು 2016ರ ಎಂ5ರಲ್ಲಿ.

ಪ್ಯಾನಾಸೋನಿಕ್ ಮಾತ್ರ ಬಹುಕಾಲ ಬೇರೆ ಹಾದಿ ಹಿಡಿದಿತ್ತು. ಬಿಂಬವು ಎಷ್ಟು ಮಸುಕಾಗಿದೆ ಎಂಬುದರಿಂದಲೇ ದೂರವನ್ನು ಊಹಿಸುವ ವಿಧಾನವನ್ನು 2014ರ ಜಿಎಚ್4ರಿಂದ ಬಳಸುತ್ತ ಬಂದ ಆ ಸಂಸ್ಥೆ, 2023ರ ಎಸ್5 ಮಾರ್ಕ್ 2 ಕ್ಯಾಮರಾದಲ್ಲಿ ಕೊನೆಗೂ ಫೇಸ್ ಡಿಟೆಕ್ಷನ್‌ಗೆ ಒಲಿಯಿತು. ಅಲ್ಲಿಯವರೆಗೆ ಅದರ ವಿಡಿಯೋಗಳಲ್ಲಿ ಹಿನ್ನೆಲೆ ಮಿಡಿಯುವುದು ಗ್ರಾಹಕರ ಶಾಶ್ವತ ದೂರಾಗಿತ್ತು.

ಅಂಕಿಗಳ ಹಿಂದಿನ ಸಣ್ಣಕ್ಷರ

ಇನ್ನು ಮೈನಸ್ ಅಂಕಿಗಳ ಪ್ರಶ್ನೆ. 2018ರಲ್ಲಿ ಮೂರು ಪ್ರಮುಖ ಸಂಸ್ಥೆಗಳ ಪೂರ್ಣಚೌಕಟ್ಟಿನ ಕ್ಯಾಮರಾಗಳು ಮುಖಾಮುಖಿಯಾದವು. ಸೋನಿ ಎ7 ಮಾರ್ಕ್ 3 ಮೈನಸ್ 3 ಇವಿ ಎಂದಿತು. ನಿಕಾನ್ ಜೆಡ್6 ಆರಂಭದಲ್ಲಿ ಮೈನಸ್ 2 ಎಂದಿತು. ಕ್ಯಾನನ್ ಇಒಎಸ್ ಆರ್ ಮೈನಸ್ 6 ಎಂದು ಘೋಷಿಸಿತು. ಮೇಲ್ನೋಟಕ್ಕೆ ಕ್ಯಾನನ್ ಸೋನಿಗಿಂತ ಎಂಟು ಪಟ್ಟು, ನಿಕಾನ್‌ಗಿಂತ ಹದಿನಾರು ಪಟ್ಟು ಕಡಿಮೆ ಬೆಳಕಿನಲ್ಲಿ ಕೆಲಸ ಮಾಡುವಂತಿದೆ. ಸಣ್ಣಕ್ಷರಗಳನ್ನು ಓದಿದರೆ ಚಿತ್ರ ಬದಲಾಗುತ್ತದೆ. ಸೋನಿ ಮತ್ತು ನಿಕಾನ್ ಅಳೆದದ್ದು ಎಫ್ 2 ಮಸೂರದಿಂದ; ಕ್ಯಾನನ್ ಅಳೆದದ್ದು ಎಫ್ 1.2 ಮಸೂರದಿಂದ. ಎಫ್ 1.2 ಮಸೂರವು ಎಫ್ 2ಕ್ಕಿಂತ ಸುಮಾರು ಒಂದೂವರೆ ಇವಿಯಷ್ಟು ಅಧಿಕ ಬೆಳಕನ್ನು ಒಳಬಿಡುತ್ತದೆ. ಆ ಲಾಭವನ್ನು ಕಳೆದರೆ ಕ್ಯಾನನ್ನಿನ ಅಂಕಿ ಮೈನಸ್ 4.5ಕ್ಕೆ ಬಂದು ನಿಲ್ಲುತ್ತದೆ. ಆಗಲೂ ಅದು ಮುಂದೆಯೇ ಇದೆ, ಆದರೆ ಎಂಟು ಪಟ್ಟಲ್ಲ, ಮೂರು ಪಟ್ಟಿನಷ್ಟು.

ಮಸೂರದ ಲೆಕ್ಕವನ್ನು ಇನ್ನೂ ಮುಂದುವರಿಸಬಹುದು, ಮುಂದುವರಿಸಲೇಬೇಕು; ಏಕೆಂದರೆ ಎಫ್ 1.2 ಮಸೂರದ ಬೆಲೆ ಎಷ್ಟೋ ಕ್ಯಾಮರಾಗಳ ಬೆಲೆಗಿಂತ ಹೆಚ್ಚು, ಅದು ಎಲ್ಲರ ಬಳಿ ಇರುವುದಿಲ್ಲ. ಮೈನಸ್ 6ರ ಅದೇ ಕ್ಯಾಮರಾಕ್ಕೆ ಮದುವೆ ಛಾಯಾಗ್ರಾಹಕರು ಸಾಮಾನ್ಯವಾಗಿ ಬಳಸುವ ಎಫ್ 2.8 ಜೂಮ್ ತೊಡಿಸಿದರೆ ಮಿತಿ ಸುಮಾರು ಮೈನಸ್ 3.5. ಎಫ್ 5.6 ಆದರೆ ಮೈನಸ್ 1.5. ಕ್ಯಾನನ್ 2020ರಲ್ಲಿ ಹೊರತಂದ 24-105 ಅಗ್ಗದ ಜೂಮ್ ತನ್ನ ಉದ್ದ ತುದಿಯಲ್ಲಿ ಎಫ್ 7.1, ಅದನ್ನು ತೊಡಿಸಿದರೆ ಮೈನಸ್ 1ರ ಆಸುಪಾಸು. ಬೆಳದಿಂಗಳಿಗಿಂತಲೂ ಕತ್ತಲಾದ ಕಡೆ ನೋಡಬಲ್ಲೆನೆಂದ ಕ್ಯಾಮರಾ ಒಂದು ಮೇಣದಬತ್ತಿಯ ಮುಂದೆಯೇ ಎಡವುತ್ತದೆ. ಇವು ಕೇವಲ ಗಣಿತದ ಅಂಕಿಗಳು. ಸಂವೇದಕದ ಸೂಕ್ಷ್ಮಮಸೂರಗಳು ಅತಿ ಅಗಲದ ದ್ಯುತಿರಂಧ್ರದ ಅಂಚಿನ ಕಿರಣಗಳನ್ನು ಪೂರ್ತಿಯಾಗಿ ಹಿಡಿಯದಿರುವುದರಿಂದ ನಿಜವಾದ ವ್ಯತ್ಯಾಸ ಕೊಂಚ ಕಡಿಮೆಯಿರಬಹುದು. ಆದರೆ ದಿಕ್ಕು ಇದೇ.

ಡಿಎಸ್ಎಲ್ಆರ್‌ನ ಹಳೆಯ ಅಂಕಿಗಳನ್ನು ಮಿರರ್‌ಲೆಸ್ ಅಂಕಿಗಳ ಪಕ್ಕದಲ್ಲಿಟ್ಟು ತೂಗುವುದೂ ಸರಿಯಲ್ಲ. ಆ ಹಳೆಯ ಘಟಕವು ಮಸೂರದ ಎಫ್ 5.6 ಅಥವಾ ಎಫ್ 2.8ಕ್ಕೆ ಸಮನಾದ ಕಿರಣಗಳನ್ನಷ್ಟೇ ನೋಡುತ್ತಿತ್ತು, ಎಫ್ 1.2 ಮಸೂರ ಹಾಕಿದರೂ ಅದಕ್ಕೆ ಹೆಚ್ಚಿನ ಪ್ರಯೋಜನವಿರಲಿಲ್ಲ. ಹಾಗಾಗಿ 6ಡಿಯ ಮೈನಸ್ 3 ಸಾಧಾರಣ ಮಸೂರದೊಂದಿಗೂ ಬಹುಮಟ್ಟಿಗೆ ಮೈನಸ್ 3. ಕತ್ತಲಲ್ಲಿ ಹಳೆಯ ಡಿಎಸ್ಎಲ್ಆರ್ ಚೆನ್ನಾಗಿತ್ತು ಎಂದು ಕೆಲವರು ಇಂದಿಗೂ ಹೇಳುವುದರಲ್ಲಿ ಹುರುಳಿಲ್ಲದಿಲ್ಲ, ವಿಶೇಷವಾಗಿ ಅವರ ಕೈಯಲ್ಲಿರುವುದು ಅಗ್ಗದ ಜೂಮ್ ಆಗಿದ್ದರೆ.

ಇತರ ಷರತ್ತುಗಳೂ ಇವೆ. ಪರೀಕ್ಷೆ ನಡೆಯುವುದು 20 ಅಥವಾ 23 ಡಿಗ್ರಿ ಉಷ್ಣತೆಯ ಕೋಣೆಯಲ್ಲಿ, ಐಎಸ್ಓ 100ರ ಲೆಕ್ಕದಲ್ಲಿ, ಒಂದೇ ಬಿಂದುವಿನಿಂದ, ನಿಶ್ಚಲ ವಸ್ತುವಿನ ಮೇಲೆ, ಒಮ್ಮೆ ಫೋಕಸ್ ಮಾಡಿ ನಿಲ್ಲುವ ಕ್ರಮದಲ್ಲಿ. ಎಷ್ಟು ಹೊತ್ತಿನಲ್ಲಿ ಫೋಕಸ್ ಆಯಿತೆಂದು ಪಟ್ಟಿ ಹೇಳುವುದಿಲ್ಲ. ನಡೆದುಬರುವ ವಧುವಿನ ಕಣ್ಣನ್ನು ಹಿಂಬಾಲಿಸುವಾಗ ಆ ಅಂಕಿ ಅನ್ವಯವಾಗುವುದಿಲ್ಲ. 2024ರ ನಿಕಾನ್ ಜೆಡ್6 ಮಾರ್ಕ್ 3ರ ಮೈನಸ್ 10 ಇವಿ ಸಹ ಎಫ್ 1.2 ಮಸೂರದ, ಒಂಟಿ ಬಿಂದುವಿನ, ನಿಶ್ಚಲ ಫೋಕಸಿನ ಅಂಕಿ. ಇಷ್ಟಾಗಿಯೂ ಪ್ರಗತಿಯನ್ನು ಅಲ್ಲಗಳೆಯುವಂತಿಲ್ಲ. 2018ರ ಜೆಡ್6, 2019ರ ಮೇ ತಿಂಗಳ ತಂತ್ರಾಂಶ ಪರಿಷ್ಕರಣೆಯೊಂದರಿಂದಲೇ ಮೈನಸ್ 2ರಿಂದ ಮೈನಸ್ 3.5ಕ್ಕೆ ಇಳಿಯಿತು. ಯಂತ್ರ ಅದೇ, ಸಂವೇದಕ ಅದೇ. ಗದ್ದಲದ ನಡುವೆ ಸಂಕೇತವನ್ನು ಹೆಕ್ಕುವ ಲೆಕ್ಕಾಚಾರ ಮಾತ್ರ ಸುಧಾರಿಸಿತ್ತು.

ದೊಡ್ಡ ಕೋಶಗಳಿದ್ದರೆ ಕತ್ತಲಲ್ಲಿ ಲಾಭ ಎಂಬ ನಂಬಿಕೆಯೂ ಪೂರ್ಣ ಸತ್ಯವಲ್ಲ. 2020ರಲ್ಲಿ ಜೊತೆಯಾಗಿ ಬಂದ ಕ್ಯಾನನ್ ಆರ್6 (2 ಕೋಟಿ ಕೋಶ) ಮತ್ತು ಆರ್5 (4.5 ಕೋಟಿ ಕೋಶ) ಕ್ಯಾಮರಾಗಳ ಅಂಕಿ ಕ್ರಮವಾಗಿ ಮೈನಸ್ 6.5 ಮತ್ತು ಮೈನಸ್ 6. ವ್ಯತ್ಯಾಸ ಅರ್ಧ ಇವಿ. ಮಸೂರದ ಆಯ್ಕೆಯಿಂದ ಆಗುವ ವ್ಯತ್ಯಾಸದ ಮುಂದೆ ಇದು ಅತ್ಯಲ್ಪ. ಹಣ ಸೀಮಿತವಾಗಿದ್ದಲ್ಲಿ ಕ್ಯಾಮರಾದ ಹೊಸ ಆವೃತ್ತಿಗೆ ತೆರುವ ಮೊತ್ತಕ್ಕಿಂತ ಎಫ್ 1.8ರ 50 ಮಿಲಿಮೀಟರ್ ಮಸೂರಕ್ಕೆ ತೆರುವ ಅಲ್ಪ ಮೊತ್ತವೇ ಮಬ್ಬು ಬೆಳಕಿನಲ್ಲಿ ಹೆಚ್ಚು ಫಲ ಕೊಡುತ್ತದೆ.

ಬಳಕೆಯಲ್ಲಿ ಗಮನಿಸಬೇಕಾದದ್ದು

ಸಂವೇದಕದ ಮೇಲಿನ ಬಹುಪಾಲು ಫೇಸ್ ಡಿಟೆಕ್ಷನ್ ಕೋಶಗಳು ಎಡ-ಬಲವಾಗಿ ಮಾತ್ರ ವಿಭಜಿತವಾಗಿರುತ್ತವೆ. ಆದ್ದರಿಂದ ಲಂಬ ಗೆರೆಗಳು ಅವುಗಳಿಗೆ ಸುಲಭವಾಗಿ ಸಿಗುತ್ತವೆ, ಅಡ್ಡ ಗೆರೆಗಳು ಸಿಗುವುದಿಲ್ಲ. ಕಿಟಕಿಯ ಅಡ್ಡಪಟ್ಟಿಗಳು, ಮೆಟ್ಟಿಲು, ಅಡ್ಡ ಅಂಚಿನ ಸೀರೆ ಇಂತಹ ಕಡೆ ಕ್ಯಾಮರಾ ತಡಕಾಡಿದರೆ ಅದನ್ನು ಸ್ವಲ್ಪ ಓರೆಯಾಗಿ ಹಿಡಿದು ಫೋಕಸ್ ಮಾಡಿ, ಮತ್ತೆ ನೇರಗೊಳಿಸಿ ಚಿತ್ರ ತೆಗೆಯುವುದು ಸರಳ ಉಪಾಯ. 2019ರ ಒಲಿಂಪಸ್ ಇ-ಎಂ1ಎಕ್ಸ್, 2022ರ ಓಎಂ-1, 2024ರ ಕ್ಯಾನನ್ ಆರ್1 ಮೊದಲಾದವುಗಳಲ್ಲಿ ಎರಡೂ ದಿಕ್ಕಿನ ಗೆರೆಗಳನ್ನು ಗುರುತಿಸುವ ವ್ಯವಸ್ಥೆಯಿದೆ.

ಎರಡನೆಯದು ದ್ಯುತಿರಂಧ್ರದ ವರ್ತನೆ. ಕ್ಯಾನನ್ ಕ್ಯಾಮರಾಗಳು ಸಾಮಾನ್ಯವಾಗಿ ಮಸೂರವನ್ನು ಪೂರ್ತಿ ತೆರೆದು ಫೋಕಸ್ ಮಾಡಿ, ಚಿತ್ರ ತೆಗೆಯುವ ಕ್ಷಣದಲ್ಲಿ ಕಿರಿದುಗೊಳಿಸುತ್ತವೆ. ನಿಕಾನ್ ಜೆಡ್ ಕ್ಯಾಮರಾಗಳು ಆಯ್ದ ದ್ಯುತಿರಂಧ್ರದಲ್ಲಿಯೇ ಫೋಕಸ್ ಮಾಡಿದರೂ ಎಫ್ 5.6ಕ್ಕಿಂತ ಕಿರಿದಾಗಲು ಬಿಡುವುದಿಲ್ಲ. ಸೋನಿ ಕ್ಯಾಮರಾಗಳು ನಿರಂತರ ಫೋಕಸ್ ಕ್ರಮದಲ್ಲಿ ಬಹುತೇಕ ಆಯ್ದ ದ್ಯುತಿರಂಧ್ರವನ್ನೇ ಬಳಸುತ್ತವೆ. ಕೆಲವು ಹೊಸ ಮಾದರಿಗಳಲ್ಲಿ ಫೋಕಸಿಗೆ ಆದ್ಯತೆ ಕೊಡುವ ಆಯ್ಕೆಯನ್ನು ಸೇರಿಸಲಾಗಿದೆ. ಕುಟುಂಬದ ಗುಂಪು ಚಿತ್ರಕ್ಕೆಂದು ಎಫ್ 8ರಲ್ಲಿ ಇಟ್ಟು, ಫ್ಲಾಶ್ ಬೆಳಕನ್ನು ನಂಬಿ ಮಬ್ಬು ಸಭಾಂಗಣದಲ್ಲಿ ನಿಂತವರಿಗೆ ಫೋಕಸ್ ಏಕಾಏಕಿ ಕೈಕೊಡುವುದು ಇಂತಹ ಸಂದರ್ಭಗಳಲ್ಲಿ. ಫ್ಲಾಶ್ ಚಿತ್ರಕ್ಕೆ ಬೆಳಕು ನೀಡುತ್ತದೆ, ಫೋಕಸ್ ಮಾಡುವ ಹೊತ್ತಿಗಲ್ಲ.

ಡಿಎಸ್ಎಲ್ಆರ್‌ಗಳ ಹಳೆಯ ಫ್ಲಾಶ್‌ಗಳು ಕಡುಗೆಂಪು ಬಣ್ಣದ ಜಾಲರಿಯೊಂದನ್ನು ಕತ್ತಲಲ್ಲಿ ಚೆಲ್ಲಿ ಫೋಕಸಿಗೆ ನೆರವಾಗುತ್ತಿದ್ದವು. ಅನೇಕ ಮಿರರ್‌ಲೆಸ್ ಕ್ಯಾಮರಾಗಳು ಅದನ್ನು ಬಳಸಿಕೊಳ್ಳುವುದಿಲ್ಲ. ಅವುಗಳ ಸಂವೇದಕದ ಮುಂದೆ ಅವಕೆಂಪು ಕಿರಣಗಳನ್ನು ತಡೆಯುವ ಶೋಧಕವಿರುವುದು ಇದಕ್ಕೊಂದು ಕಾರಣ. ಹೊಸ ಕ್ಯಾಮರಾ ಕೊಂಡು ಹಳೆಯ ಫ್ಲಾಶ್ ಉಳಿಸಿಕೊಂಡವರಿಗೆ ಇದು ಅನಿರೀಕ್ಷಿತ ನಷ್ಟ. ಕ್ಯಾಮರಾದಲ್ಲಿಯೇ ಇರುವ ಕಿತ್ತಳೆ ಅಥವಾ ಹಸಿರು ದೀಪ ಕೆಲವು ಮೀಟರ್ ದೂರಕ್ಕಷ್ಟೇ ಸಾಕು, ವೇದಿಕೆಯ ಕಾರ್ಯಕ್ರಮಗಳಲ್ಲಿ ಅದು ಎದುರಿನವರಿಗೆ ಕಿರಿಕಿರಿಯೂ ಹೌದು.

ಮುಖ ಮತ್ತು ಕಣ್ಣನ್ನು ಗುರುತಿಸುವ ಇಂದಿನ ವ್ಯವಸ್ಥೆ ಇನ್ನೊಂದು ಬಗೆಯದು. ಮೊದಲು ಬಿಂಬದಲ್ಲಿ ಕಣ್ಣು ಎಲ್ಲಿದೆಯೆಂದು ತಂತ್ರಾಂಶ ಕಂಡುಹಿಡಿಯಬೇಕು, ಬಳಿಕ ಆ ಜಾಗದಲ್ಲಿ ಫೋಕಸ್ ಅಳೆಯಬೇಕು. ಮಬ್ಬಿನಲ್ಲಿ ಮೊದಲ ಹಂತವೇ ಸೋಲಬಹುದು. ಕರಾವಳಿಯ ಬಯಲಾಟದಲ್ಲಿ ಇದು ಚೆನ್ನಾಗಿ ಅನುಭವಕ್ಕೆ ಬರುತ್ತದೆ. ದಟ್ಟ ಬಣ್ಣಗಾರಿಕೆಯ ಬಣ್ಣದ ವೇಷದ ಮುಖವು ಸಾಧಾರಣ ಮುಖದಂತಿಲ್ಲದ ಕಾರಣ ಗುರುತು ತಪ್ಪುವ ಸಂಭವ ಹೆಚ್ಚು. ಮೇಲಾಗಿ ಕಿರೀಟದ ಹೊಳಪು ಮುಖಕ್ಕಿಂತ ಮುಂದೆ ಕ್ಯಾಮರಾದ ಗಮನ ಸೆಳೆಯುತ್ತದೆ. ಇಂತಹ ಕಡೆ ಗುರುತಿಸುವ ವ್ಯವಸ್ಥೆಯನ್ನು ಆರಿಸಿ, ಒಂಟಿ ಬಿಂದುವನ್ನು ಕಣ್ಣಿಗೂ ಕಾಡಿಗೆಗೂ ಕೂಡುವ ಅಂಚಿನ ಮೇಲಿಡುವುದು ಹೆಚ್ಚು ನಂಬಿಕೆಗೆ ಅರ್ಹ. ಅತಿ ಸಣ್ಣ ಬಿಂದುವನ್ನು ಆರಿಸಿದರೆ ಅದರೊಳಗೆ ಬೀಳುವ ಕೋಶಗಳು ಕಡಿಮೆಯಾಗಿ ಗದ್ದಲ ಹೆಚ್ಚುತ್ತದೆ; ಮಧ್ಯಮ ಗಾತ್ರ ಒಳಿತು. ಅಗ್ಗದ ಎಲ್ಇಡಿ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುವುದರಿಂದ ಒಂದು ಚೌಕಟ್ಟು ಬೆಳಗಿ ಮತ್ತೊಂದು ಮಂಕಾಗಿ ಕಾಂಟ್ರಾಸ್ಟ್ ಕ್ರಮವನ್ನು ದಾರಿ ತಪ್ಪಿಸುವುದೂ ಉಂಟು.

ದೇವಾಲಯದ ಒಳಗೆ ನಂದಾದೀಪದ ಬೆಳಕಿನಲ್ಲಿ ದೀಪದ ಕುಡಿಗೇ ಫೋಕಸ್ ಮಾಡಲು ಯತ್ನಿಸುವುದು ಸಾಮಾನ್ಯ ತಪ್ಪು. ಕುಡಿಗೆ ಚೂಪಾದ ಅಂಚಿಲ್ಲ, ಅದು ಅಲುಗಾಡುತ್ತದೆ, ಬೆಳಕಿನ ಉಬ್ಬರದಲ್ಲಿ ಕೋಶಗಳು ತುಂಬಿ ಹರಿಯುತ್ತವೆ. ದೀಪದ ಕಂಬದ ಅಂಚು ಒಳ್ಳೆಯ ಗುರಿ. (ಗರ್ಭಗುಡಿಯ ಚಿತ್ರ ತೆಗೆಯಲು ಹೆಚ್ಚಿನ ದೇವಾಲಯಗಳಲ್ಲಿ ಅನುಮತಿಯಿಲ್ಲ ಎಂಬುದು ಬೇರೆ ಮಾತು.)

ನಕ್ಷತ್ರಗಳ ವಿಷಯದಲ್ಲಿ ಮಾತ್ರ ಮೇಲಿನ ಯಾವ ಉಪಾಯವೂ ಸಾಲದು. ಚಂದ್ರನಿಲ್ಲದ ರಾತ್ರಿಯ ಭೂದೃಶ್ಯ ಮೈನಸ್ 11 ಇವಿಗೂ ಕೆಳಗಿನದು. 2020ರ ಒಲಿಂಪಸ್ ಇ-ಎಂ1 ಮಾರ್ಕ್ 3ರಲ್ಲಿ ನಕ್ಷತ್ರಗಳಿಗೆಂದೇ ರೂಪಿಸಿದ ಆಟೋಫೋಕಸ್ ಬಂದಿತು. ಅದು ಭೂದೃಶ್ಯವನ್ನು ಬಿಟ್ಟು ನಕ್ಷತ್ರದ ಚುಕ್ಕೆಯನ್ನು ಅತ್ಯಂತ ಚಿಕ್ಕದಾಗಿಸುವ ಸ್ಥಾನವನ್ನು ಹುಡುಕುತ್ತದೆ. ಉಳಿದ ಕ್ಯಾಮರಾಗಳಲ್ಲಿ ಪ್ರಕಾಶಮಾನವಾದ ನಕ್ಷತ್ರವೊಂದನ್ನು ಪರದೆಯಲ್ಲಿ ಹಿಗ್ಗಿಸಿ ನೋಡುತ್ತ, ಫೋಕಸ್ ಉಂಗುರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸಿ, ಚುಕ್ಕೆ ಅತಿ ಚಿಕ್ಕದಾದಲ್ಲಿ ನಿಲ್ಲಿಸಿ, ಆಟೋಫೋಕಸನ್ನು ಆರಿಸಿಬಿಡುವುದು ರೂಢಿ.

ಬೆಳಕನ್ನೇ ಅವಲಂಬಿಸದ ಹಳೆಯ ಹಾದಿಯೂ ಮರಳುತ್ತಿದೆ. 2021ರಲ್ಲಿ ಬಂದ ಡಿಜೆಐ ಸಂಸ್ಥೆಯ ರೋನಿನ್ 4ಡಿ ಸಿನಿಮಾ ಕ್ಯಾಮರಾ, ಲೇಸರ್ ಕಿರಣಗಳನ್ನು ಚೆಲ್ಲಿ ದೂರವನ್ನು ಅಳೆಯುವ ಲೈಡಾರ್ ಘಟಕದ ನೆರವಿನಿಂದ ಫೋಕಸ್ ಮಾಡುತ್ತದೆ. ಪೋಲರಾಯ್ಡ್‌ನ ಶಬ್ದದ ಜಾಗದಲ್ಲಿ ಇಲ್ಲಿ ಅದೃಶ್ಯ ಬೆಳಕಿದೆ, ವ್ಯಾಪ್ತಿಯು ಕೆಲವು ಮೀಟರ್‌ಗಳಿಗೆ ಸೀಮಿತ. ಮದುವೆ ಮಂಟಪಕ್ಕೆ ಅಷ್ಟು ಸಾಕಾದೀತು, ಕಾಡಿಗೆ ಸಾಲದು.